ಟಾಟಾ ನ್ಯಾನೊ ಕಾರಿನ ಅರ್ಹತಾ ಪರೀಕ್ಷೆ

ಟಾಟಾ ನ್ಯಾನೊ ಕಾರಿನ ಅರ್ಹತಾ ಪರೀಕ್ಷೆ ಎಂಬುದು ನೋಂದಣಿಯಾಗಿ 15 ವರ್ಷ ತುಂಬಿದ ಖಾಸಗಿ ನ್ಯಾನೊ ಕಾರು ರಸ್ತೆಯಲ್ಲಿ ಸಂಚರಿಸಲು ಯೋಗ್ಯವಾಗಿದೆಯೇ ಎಂದು ತಿಳಿಯಲು ನಡೆಯುವ ಶಾಸನಬದ್ಧ ಪರಿಶೀಲನೆ. ಇದರಲ್ಲಿ ಉತ್ತೀರ್ಣವಾದ ಕಾರಿನ ನೋಂದಣಿಯನ್ನು ಮುಂದಿನ 5 ವರ್ಷಗಳಿಗೆ ನವೀಕರಿಸಲಾಗುತ್ತದೆ. ನ್ಯಾನೊ 2009ರಲ್ಲಿ ಗ್ರಾಹಕರ ಕೈ ಸೇರತೊಡಗಿದ್ದರಿಂದ ಈ ಮಾದರಿಯ ಮೊದಲ ಕಾರುಗಳಿಗೆ 2024ರಲ್ಲಿ ಪರೀಕ್ಷೆಯ ಸರದಿ ಬಂದಿತು. 2018ರಲ್ಲಿ ನೋಂದಣಿಯಾದವುಗಳಿಗೆ 2033ರಲ್ಲಿ ಬರಲಿದೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಈ ಕಾರುಗಳು ಹೆಚ್ಚಾಗಿ ಧಾರವಾಡದ ಕೆಎ-25 ಮತ್ತು ಹುಬ್ಬಳ್ಳಿಯ ಕೆಎ-63 ಸಂಖ್ಯೆಗಳನ್ನು ಹೊತ್ತಿವೆ.

ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದೂ ಕಾರು ವಿಶ್ವಾಸಾರ್ಹವಾಗಿರುವುದೂ ಒಂದೇ ಅಲ್ಲ. ಬ್ರೇಕು, ಟೈರು, ದೀಪ, ಹೊಗೆ ಮುಂತಾದವು ಪರೀಕ್ಷೆಯ ದಿನ ಹೇಗಿದ್ದವು ಎಂಬುದನ್ನಷ್ಟೇ ಅರ್ಹತಾ ಪತ್ರ ಹೇಳುತ್ತದೆ. ನ್ಯಾನೊವನ್ನು ದಾರಿಯಲ್ಲಿ ನಿಲ್ಲಿಸುವ ಅನೇಕ ದೋಷಗಳು ಈ ಪರಿಶೀಲನೆಯ ವ್ಯಾಪ್ತಿಗೆ ಬರುವುದೇ ಇಲ್ಲ.

ಪದಬಳಕೆ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ‘ಅರ್ಹತಾ ಪತ್ರ’ವು ಬಸ್ಸು, ಲಾರಿ, ಟ್ಯಾಕ್ಸಿ, ಆಟೋ ಮೊದಲಾದ ಸಾರಿಗೆ ವಾಹನಗಳಿಗೆ ನೀಡುವ ದಾಖಲೆ. ಬಿಳಿ ಫಲಕದ ಖಾಸಗಿ ಕಾರಿಗೆ ಆಗುವುದು ‘ನೋಂದಣಿ ಪತ್ರದ ನವೀಕರಣ’. ಆದರೆ ಎರಡಕ್ಕೂ ಜನ ‘ಎಫ್‌ಸಿ’ ಎಂಬ ಒಂದೇ ಹೆಸರನ್ನು ಬಳಸುತ್ತಾರೆ. ‘ಕಾರಿನ ಎಫ್‌ಸಿ ಮಾಡಿಸುವುದು’ ಎಂದರೆ 15 ವರ್ಷದ ನವೀಕರಣ ಎಂದೇ ಅರ್ಥ. ಪರೀಕ್ಷಿಸುವ ಮೋಟಾರು ವಾಹನ ನಿರೀಕ್ಷಕರನ್ನು ಕರ್ನಾಟಕದ ಆಡುಮಾತಿನಲ್ಲಿ ಇಂದಿಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಎನ್ನುವುದುಂಟು. ಪರೀಕ್ಷೆಯ ತಿರುಳು ಎಲ್ಲಿದೆ ಎಂಬುದನ್ನು ಈ ಹಳೆಯ ಹೆಸರು ಸರಿಯಾಗಿಯೇ ಹಿಡಿದಿದೆ.

ಗಾತ್ರದ ದೃಷ್ಟಿಯಿಂದ ನ್ಯಾನೊವನ್ನು ‘ಮೈಕ್ರೋ ಕಾರು’ ಎಂದು ಕರೆಯುವುದುಂಟು. ಕಾನೂನಿನಲ್ಲಿ ಅಂಥ ಪ್ರತ್ಯೇಕ ವರ್ಗವಿಲ್ಲ. ನ್ಯಾನೊ ಸಾಮಾನ್ಯ ಮೋಟಾರು ಕಾರು. ದೊಡ್ಡ ಕಾರಿಗೆ ಅನ್ವಯಿಸುವ ನಿಯಮವೂ ಶುಲ್ಕವೂ ಅದಕ್ಕೂ ಅನ್ವಯಿಸುತ್ತವೆ. ಬಜಾಜ್ ಕ್ಯೂಟ್‌ನಂಥ ‘ಕ್ವಾಡ್ರಿಸೈಕಲ್’ಗಳದು ಬೇರೆಯೇ ವರ್ಗ.

ಹಿನ್ನೆಲೆ

ಟಾಟಾ ಮೋಟಾರ್ಸ್ ಸಂಸ್ಥೆಯು ನ್ಯಾನೊವನ್ನು 2008ರ ಜನವರಿ 10ರಂದು ದೆಹಲಿಯ ವಾಹನ ಪ್ರದರ್ಶನದಲ್ಲಿ ಅನಾವರಣಗೊಳಿಸಿತು. ಸ್ಕೂಟರಿನ ಮೇಲೆ ಇಡೀ ಸಂಸಾರ ಪಯಣಿಸುವುದನ್ನು ಕಂಡು ರತನ್ ಟಾಟಾ ಅವರಿಗೆ ಹೊಳೆದ ಯೋಜನೆ ಇದು. ಕಾರ್ಖಾನೆಯಿಂದ ಹೊರಡುವಾಗಿನ ಮೂಲ ಬೆಲೆ 1 ಲಕ್ಷ ರೂಪಾಯಿ ಎಂದು ಘೋಷಿಸಲಾಗಿತ್ತು. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಭೂಸ್ವಾಧೀನದ ವಿರುದ್ಧ ಚಳವಳಿ ನಡೆದು, 2008ರ ಅಕ್ಟೋಬರ್ 3ರಂದು ಸಂಸ್ಥೆಯು ಅಲ್ಲಿಂದ ಹಿಂದೆ ಸರಿಯಿತು. ಆ ಸಂದರ್ಭದಲ್ಲಿ ಯೋಜನೆಯನ್ನು ತಮ್ಮಲ್ಲಿಗೆ ಕರೆದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಸರ್ಕಾರ ಧಾರವಾಡದ ಬಳಿ ಜಮೀನು ನೀಡಲು ಮುಂದಾಗಿತ್ತು. ಅಕ್ಟೋಬರ್ 7ರಂದು ಗುಜರಾತಿನ ಸಾನಂದ ಆಯ್ಕೆಯಾಯಿತು. ಮೊದಲ ಕಾರುಗಳು ಉತ್ತರಾಖಂಡದ ಪಂತನಗರದಲ್ಲಿ ತಯಾರಾದವು. ಸಾನಂದದ ಕಾರ್ಖಾನೆ 2010ರ ಜೂನ್‌ನಲ್ಲಿ ಉದ್ಘಾಟನೆಗೊಂಡಿತು.

ಧಾರವಾಡಕ್ಕೆ ನ್ಯಾನೊ ದಕ್ಕದಿದ್ದರೂ ಟಾಟಾ ವಾಹನಗಳು ದಕ್ಕಿದವು. ಬ್ರೆಜಿಲ್ ದೇಶದ ಮಾರ್ಕೊಪೋಲೊ ಸಂಸ್ಥೆಯ ಸಹಭಾಗಿತ್ವದ ಬಸ್ ಕಾರ್ಖಾನೆ ಇಲ್ಲಿ ಸ್ಥಾಪನೆಯಾಯಿತು. ಮುಂದೆ ಏಸ್ ಜಿಪ್ ಮತ್ತು ಮ್ಯಾಜಿಕ್ ಐರಿಸ್ ಎಂಬ ಪುಟ್ಟ ವಾಹನಗಳೂ ಧಾರವಾಡದಲ್ಲೇ ತಯಾರಾದವು. ಬಾಡಿಗೆಗೆ ಓಡುವ ಮ್ಯಾಜಿಕ್ ಐರಿಸ್ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಅರ್ಹತಾ ಪರೀಕ್ಷೆಗೆ ಹೋಗಬೇಕು. ಅದರಷ್ಟೇ ಪುಟ್ಟದಾದ, ಅದೇ ರಸ್ತೆಯಲ್ಲಿ ಓಡುವ ಖಾಸಗಿ ನ್ಯಾನೊ 15 ವರ್ಷ ಯಾವ ನಿರೀಕ್ಷಕರ ಮುಂದೆಯೂ ನಿಲ್ಲಬೇಕಾಗಿಲ್ಲ.

2009ರ ಮಾರ್ಚ್ 23ರಂದು ಮಾರುಕಟ್ಟೆಗೆ ಬಿಡುಗಡೆಯಾದ ನ್ಯಾನೊ ಅದೇ ಜುಲೈನಲ್ಲಿ ಮೊದಲ ಗ್ರಾಹಕರನ್ನು ತಲುಪಿತು. 2011-12ರಲ್ಲಿ ಮಾರಾಟ ಅತ್ಯಧಿಕವಾಗಿತ್ತು. ಆ ವರ್ಷ 74 ಸಾವಿರಕ್ಕೂ ಹೆಚ್ಚು ಕಾರುಗಳು ಮಾರಾಟವಾದವು. ಆದ್ದರಿಂದ 2026 ಮತ್ತು 2027ರಲ್ಲಿ ನವೀಕರಣಕ್ಕೆ ಬರಬೇಕಾದ ನ್ಯಾನೊಗಳ ಸಂಖ್ಯೆ ಉಳಿದ ವರ್ಷಗಳಿಗಿಂತ ಹೆಚ್ಚಿರುತ್ತದೆ. 2018ರಲ್ಲಿ ತಯಾರಿಕೆ ಬಹುತೇಕ ನಿಂತಿತು.

ಕಾನೂನು

ಅಧಿನಿಯಮದ 41ನೇ ಪ್ರಕರಣದ ಪ್ರಕಾರ ಖಾಸಗಿ ವಾಹನದ ನೋಂದಣಿ ಪತ್ರದ ಅವಧಿ 15 ವರ್ಷ. ನವೀಕರಣ ಒಮ್ಮೆಗೆ 5 ವರ್ಷಗಳಿಗೆ. ನವೀಕರಣಕ್ಕೆ ಮುನ್ನ ವಾಹನವನ್ನು ಪರಿಶೀಲನೆಗೆ ಹಾಜರುಪಡಿಸಬೇಕು. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 52ನೇ ನಿಯಮದಂತೆ ಅವಧಿ ಮುಗಿಯುವ 60 ದಿನಗಳ ಒಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯೊಂದಿಗೆ ಚಾಲ್ತಿಯಲ್ಲಿರುವ ವಿಮೆ ಮತ್ತು ಹೊಗೆ ತಪಾಸಣೆ ಪತ್ರಗಳು ಬೇಕು. ಸಾಲದ ನಮೂದು ನೋಂದಣಿ ಪತ್ರದಲ್ಲಿ ಉಳಿದಿದ್ದರೆ ಅದನ್ನು ಮೊದಲೇ ತೆಗೆಸಿಕೊಳ್ಳುವುದು ಲೇಸು. ಕರ್ನಾಟಕದಲ್ಲಿ 15 ವರ್ಷ ಮೀರಿದ ವಾಹನಗಳಿಗೆ ನವೀಕರಣದ ವೇಳೆ ಹಸಿರು ತೆರಿಗೆಯೂ ಇದೆ.

2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಅಳವಡಿಸಬೇಕೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು. ನ್ಯಾನೊಗಳೆಲ್ಲ ಹೆಚ್ಚುಕಡಿಮೆ ಈ ದಿನಾಂಕಕ್ಕೆ ಮೊದಲಿನವೇ.

‘15 ವರ್ಷವಾದ ಕಾರು ಗುಜರಿಗೆ ಹೋಗಲೇಬೇಕು’ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ತಪ್ಪು. 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಆದೇಶದಿಂದ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿ ಬಂದದ್ದು. ಧಾರವಾಡ ಜಿಲ್ಲೆಗೆ ಅನ್ವಯಿಸುವುದಿಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದವುಗಳ ನವೀಕರಣವನ್ನು ನಿಲ್ಲಿಸಿರುವುದು ಸರ್ಕಾರಿ ವಾಹನಗಳಿಗೆ ಮಾತ್ರ. ಖಾಸಗಿ ಕಾರು ಪರೀಕ್ಷೆಯಲ್ಲಿ ಉತ್ತೀರ್ಣವಾಗುವವರೆಗೂ ಓಡಬಹುದು. ಈ ತಪ್ಪು ತಿಳಿವಳಿಕೆಯಿಂದ ಸುಸ್ಥಿತಿಯ ಕಾರನ್ನು ಅಗ್ಗಕ್ಕೆ ಮಾರಿಕೊಳ್ಳುವವರೂ ಇದ್ದಾರೆ, ಅದನ್ನೇ ಬಂಡವಾಳ ಮಾಡಿಕೊಂಡು ಕೊಳ್ಳುವವರೂ ಇದ್ದಾರೆ.

ಪರೀಕ್ಷೆಯಲ್ಲಿ ನೋಡುವ ಅಂಶಗಳು

ಮೊದಲು ಗುರುತಿನ ತಾಳೆ. ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಬಣ್ಣ, ಇಂಧನ ಇವು ನೋಂದಣಿ ಪತ್ರದಲ್ಲಿ ಇರುವಂತೆಯೇ ಇರಬೇಕು. ಮೂಲ ಮಾದರಿಯ ನ್ಯಾನೊದಲ್ಲಿ ಹಿಂಬಾಗಿಲು ತೆರೆಯುವುದಿಲ್ಲ. ಹಿಂದಿನ ಆಸನದ ಒರಗನ್ನು ಮಡಚಿ, ಅದರ ಹಿಂದಿನ ಮುಚ್ಚಳದ ತಿರುಪುಗಳನ್ನು ಬಿಚ್ಚಿದರೆ ಮಾತ್ರ ಎಂಜಿನ್ ಕಾಣುತ್ತದೆ. ಎಂಜಿನ್ ಬದಲಾಗಿದ್ದು ದಾಖಲೆಯಲ್ಲಿ ಸೇರದಿದ್ದರೆ, ಬಣ್ಣ ಬದಲಿಸಿದ್ದರೆ, ಅಥವಾ ಅನುಮತಿಯಿಲ್ಲದೆ ಗ್ಯಾಸ್ ಕಿಟ್ ಕೂರಿಸಿದ್ದರೆ ಯಾಂತ್ರಿಕವಾಗಿ ಎಷ್ಟೇ ಚೆನ್ನಾಗಿದ್ದರೂ ಕಾರು ಇಲ್ಲಿಯೇ ನಿಲ್ಲುತ್ತದೆ. ಕಾರ್ಖಾನೆಯಲ್ಲೇ ಸಿಎನ್‌ಜಿ ಅಳವಡಿಸಿದ ನ್ಯಾನೊ 2013ರಲ್ಲಿ ಮಾರುಕಟ್ಟೆಗೆ ಬಂದಿತ್ತು. ಅದರ ನೋಂದಣಿ ಪತ್ರದಲ್ಲಿ ಇಂಧನ ಹಾಗೆಯೇ ನಮೂದಾಗಿರುತ್ತದೆ.

ಬ್ರೇಕು ಪರೀಕ್ಷೆಯ ಮುಖ್ಯ ಭಾಗ. ನ್ಯಾನೊದ ನಾಲ್ಕೂ ಚಕ್ರಗಳಿಗೆ 180 ಮಿ.ಮೀ. ವ್ಯಾಸದ ಡ್ರಮ್ ಬ್ರೇಕುಗಳಿವೆ. ಡಿಸ್ಕ್ ಬ್ರೇಕಿನಂತೆ ಅವು ತೆರೆದುಕೊಂಡಿಲ್ಲ; ಒಳಗಿನ ಲೈನರ್ ಎಷ್ಟು ಸವೆದಿದೆ ಎಂಬುದು ಡ್ರಮ್ ಬಿಚ್ಚದೆ ಕಾಣುವುದಿಲ್ಲ. ಒಳಹೊಕ್ಕ ದೂಳು ಅಲ್ಲಿಯೇ ಕೂರುತ್ತದೆ. ಬೇಸಿಗೆಯಲ್ಲಿ ದೂಳಿಗೆ ಹೆಸರಾದ ಹುಬ್ಬಳ್ಳಿಯ ರಸ್ತೆಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ಚಕ್ರದ ಸಿಲಿಂಡರಿನ ರಬ್ಬರು ಮುಪ್ಪಾಗಿ ಬ್ರೇಕ್ ಎಣ್ಣೆ ಜಿನುಗಿದರೆ ಲೈನರ್ ನೆನೆದು, ಆ ಒಂದು ಚಕ್ರ ಹಿಡಿಯುವುದೇ ಇಲ್ಲ. ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಬಹುಕಾಲ ನಿಂತಲ್ಲೇ ನಿಂತ ಕಾರುಗಳಲ್ಲಿ ಇಂಥ ತೊಂದರೆ ಹೆಚ್ಚು. ಧಾರವಾಡದ ಏರಿಳಿತದ ಬಡಾವಣೆಗಳಲ್ಲಿ ಕೈಬ್ರೇಕಿನ ಕೇಬಲ್ ಪ್ರತಿದಿನ ಕೆಲಸ ಮಾಡುತ್ತದೆ. ಅದು ಹಿಗ್ಗಿ ಸಡಿಲವಾಗುವುದೂ ಸಹಜ.

ಟೈರುಗಳ ವಿಷಯದಲ್ಲಿ ನ್ಯಾನೊಗೆ ಒಂದು ವೈಶಿಷ್ಟ್ಯವಿದೆ. ಎಂಜಿನ್ ಹಿಂದೆ ಇರುವುದರಿಂದ ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚು. ಹಾಗಾಗಿ ಮುಂದೆ 135/70 ಆರ್12, ಹಿಂದೆ 155/65 ಆರ್12 ಎಂದು ಎರಡು ಅಳತೆಯ ಟೈರುಗಳನ್ನು ಕೊಡಲಾಗಿತ್ತು. ಬೇರೆ ಕಾರುಗಳಲ್ಲಿ ಮಾಡುವಂತೆ ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿ ಸವೆತವನ್ನು ಹಂಚಲು ಇಲ್ಲಿ ಬರುವುದಿಲ್ಲ. ಒಂದೇ ಅಕ್ಷದ ಮೇಲೆ ಎರಡು ಅಳತೆಯ ಟೈರು ಹಾಕಿಕೊಂಡ ಹಳೆಯ ನ್ಯಾನೊ ಕಂಡರೆ, ದುರಸ್ತಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾರೆ ಎಂದೇ ತಿಳಿಯಬೇಕು. ನಿಯಮದ ಪ್ರಕಾರ ಕಾರಿನ ಟೈರಿನ ಗಾಡಿ ಕನಿಷ್ಠ 1.6 ಮಿ.ಮೀ. ಆಳ ಇರಬೇಕು, ಟೈರಿನಲ್ಲೇ ಇರುವ ಸವೆತ ಸೂಚಕದ ಉಬ್ಬು ಈ ಮಿತಿಯನ್ನು ತೋರಿಸುತ್ತದೆ.

ಮುಂದೀಪದ ಬೆಳಕು ಮತ್ತು ಅದರ ಕೋನ, ಇಂಡಿಕೇಟರ್, ಬ್ರೇಕ್ ದೀಪ, ಹಾರ್ನ್, ವೈಪರ್, ಆಸನ ಪಟ್ಟಿ ಇವುಗಳ ಪರಿಶೀಲನೆ ಬೇಗ ಮುಗಿಯುತ್ತದೆ. ನ್ಯಾನೊಗೆ ಇರುವುದು ಒಂದೇ ವೈಪರ್; ಅದು ಕೆಟ್ಟರೆ ಮಳೆಯಲ್ಲಿ ಮುಂದಿನ ಗಾಜು ಪೂರ್ತಿ ಕುರುಡು. ಸ್ಟಿಯರಿಂಗಿನ ಸಡಿಲಿಕೆ, ಬಾಲ್ ಜಾಯಿಂಟು, ಬುಶ್ಶು ಮತ್ತು ಚಕ್ರದ ಬೇರಿಂಗುಗಳನ್ನು ಅಲುಗಾಡಿಸಿ ನೋಡಲಾಗುತ್ತದೆ. 12 ಇಂಚಿನ ಚಕ್ರ ರಸ್ತೆಯ ಗುಂಡಿಗೆ ದೊಡ್ಡ ಚಕ್ರಕ್ಕಿಂತ ಆಳವಾಗಿ ಇಳಿಯುತ್ತದೆ, ಆದ್ದರಿಂದ ಹೊಡೆತವೂ ಹೆಚ್ಚು. ನ್ಯಾನೊದ ಕೆಳಭಾಗ ಬೇಗ ಸಡಿಲಾಗುತ್ತದೆ ಎಂಬ ದೂರಿಗೆ ಕಾರಿನ ಗುಣಮಟ್ಟದಷ್ಟೇ ಈ ಜ್ಯಾಮಿತಿಯೂ ಕಾರಣ.

ತುಕ್ಕನ್ನು ಹೊರಗಿನ ಬಣ್ಣದಿಂದ ಅಳೆಯಲಾಗದು. ಬಾಗಿಲಿನ ಕೆಳಗಿನ ಪಟ್ಟಿ, ಚಕ್ರದ ಕಮಾನು, ಬ್ರೇಕ್ ಎಣ್ಣೆಯ ಲೋಹದ ಕೊಳವೆ, ಸಸ್ಪೆನ್ಷನ್ ಕೂರುವ ಜಾಗ ಇವನ್ನು ಕೆಳಗಿನಿಂದ ನೋಡಬೇಕು. ಮಲೆನಾಡಿನ ಅಂಚಿನಲ್ಲಿರುವ ಧಾರವಾಡದ ಮಳೆಗಾಲದಲ್ಲಿ ಅಂಟುವ ಕೆಸರು ಈ ಸಂದುಗಳಲ್ಲಿ ಒಣಗಿ ಉಳಿದರೆ ತೇವವನ್ನು ಹಿಡಿದಿಡುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದ್ದುಬಂದ ಕಾರಾದರೆ ತಪಾಸಣೆ ಇನ್ನೂ ಹತ್ತಿರದಿಂದ ಆಗಬೇಕು.

ಹೊಗೆಯ ಮಿತಿ ಕಾರು ಯಾವ ಮಾನಕಕ್ಕೆ ತಯಾರಾದದ್ದು ಎಂಬುದನ್ನು ಅವಲಂಬಿಸಿದೆ. ಭಾರತ್ ಹಂತ 3ರ ಪೆಟ್ರೋಲ್ ಕಾರಿಗೆ ನಿಧಾನಗತಿಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇ. 0.5, ಹೈಡ್ರೋಕಾರ್ಬನ್ 750 ಪಿಪಿಎಂ ಮೀರಬಾರದು. ಹಂತ 4ರ ಕಾರಿಗೆ ಈ ಮಿತಿಗಳು ಶೇ. 0.3 ಮತ್ತು 200 ಪಿಪಿಎಂ. ಹಂತ 4 ಮೊದಲು 2010ರಲ್ಲಿ ಬೆಂಗಳೂರು ಸೇರಿದಂತೆ 13 ನಗರಗಳಲ್ಲಿ ಜಾರಿಯಾಗಿ, 2017ರ ಏಪ್ರಿಲ್ 1ರಿಂದ ಇಡೀ ದೇಶಕ್ಕೆ ವಿಸ್ತರಿಸಿತು. ಆದ್ದರಿಂದ ಒಂದೇ ವರ್ಷ ತಯಾರಾದ ಎರಡು ನ್ಯಾನೊಗಳಲ್ಲಿ ಬೆಂಗಳೂರಿನಿಂದ ಬಂದದ್ದಕ್ಕೆ ಬಿಗಿಯಾದ ಮಿತಿಯೂ ಬೇರೆಡೆ ಮಾರಾಟವಾದದ್ದಕ್ಕೆ ಸಡಿಲ ಮಿತಿಯೂ ಇರಬಹುದು. ನೋಂದಣಿ ಪತ್ರದಲ್ಲಿನ ನಮೂದನ್ನು ನೋಡಿಕೊಳ್ಳಬೇಕು.

ಕಣ್ಣಿನ ಪರೀಕ್ಷೆ ಮತ್ತು ಯಂತ್ರದ ಪರೀಕ್ಷೆ

ಸಾರಿಗೆ ಕಚೇರಿಯ ಆವರಣದಲ್ಲಿ ನಡೆಯುವ ಸಾಂಪ್ರದಾಯಿಕ ಪರೀಕ್ಷೆ ಹೆಚ್ಚಾಗಿ ನಿರೀಕ್ಷಕರ ಕಣ್ಣು, ಕಿವಿ ಮತ್ತು ಅನುಭವವನ್ನು ನೆಚ್ಚಿಕೊಂಡದ್ದು. ಅನುಭವಿಗೆ ಇದು ಸಾಕಾಗಬಹುದು. ಆದರೆ ಒಂದೇ ಕಾರನ್ನು ಇಬ್ಬರು ನೋಡಿದರೆ ಎರಡು ತೀರ್ಪು ಬರುವ ಸಾಧ್ಯತೆ ಈ ಪದ್ಧತಿಯ ಒಳಗೇ ಇದೆ. ಇದನ್ನು ತಪ್ಪಿಸಲೆಂದು ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್‌ನಲ್ಲಿ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳ ನಿಯಮಗಳನ್ನು ಪ್ರಕಟಿಸಿತು. ಇಂಥ ಕೇಂದ್ರದಲ್ಲಿ ಬ್ರೇಕಿನ ಬಲ, ಚಕ್ರದ ಜಾರುವಿಕೆ, ಮುಂದೀಪದ ಕಿರಣ, ಹೊಗೆ ಮುಂತಾದವನ್ನು ಯಂತ್ರ ಅಳೆದು, ಫಲಿತಾಂಶವನ್ನು ನೇರವಾಗಿ ಗಣಕಕ್ಕೆ ರವಾನಿಸುತ್ತದೆ. ಕಾರಿನ ಅಡಿಯ ತುಕ್ಕು, ಸೋರಿಕೆ ಮುಂತಾದವನ್ನು ಅಲ್ಲಿಯೂ ಮನುಷ್ಯರೇ ನೋಡುತ್ತಾರೆ.

ಯಂತ್ರದ ಪರೀಕ್ಷೆ ಹಗುರ ಕಾರಿಗೆ ಒಂದು ವಿಶೇಷ ಸವಾಲನ್ನು ಒಡ್ಡುತ್ತದೆ. ಉರುಳೆಗಳ ಮೇಲೆ ಚಕ್ರ ನಿಲ್ಲಿಸಿ ಬ್ರೇಕ್ ಒತ್ತಿದಾಗ ಪ್ರತಿ ಚಕ್ರದ ಬಲ ಪ್ರತ್ಯೇಕವಾಗಿ ದಾಖಲಾಗುತ್ತದೆ. ಒಟ್ಟು ಬಲವನ್ನು ಕಾರಿನ ತೂಕಕ್ಕೂ, ಎಡಬಲಗಳ ವ್ಯತ್ಯಾಸವನ್ನು ಪರಸ್ಪರವೂ ಹೋಲಿಸಲಾಗುತ್ತದೆ. ನ್ಯಾನೊದ ತೂಕ ಸುಮಾರು 600 ಕಿಲೋ ಮಾತ್ರ, ಅದರಲ್ಲೂ ಮುಂಭಾಗ ಹಗುರ. ಉದಾಹರಣೆಗೆ ಮುಂದಿನ ಎಡ ಚಕ್ರ 900 ನ್ಯೂಟನ್, ಬಲ ಚಕ್ರ 600 ನ್ಯೂಟನ್ ತೋರಿದರೆ ವ್ಯತ್ಯಾಸ 300. ದೊಡ್ಡ ಬಲದ ಮೂರನೆಯ ಒಂದು ಪಾಲು. ಎಡ ಚಕ್ರ 2,400 ನ್ಯೂಟನ್ ತೋರುವ ಭಾರಿ ಕಾರಿನಲ್ಲಿ ಅದೇ 300 ನ್ಯೂಟನ್ ಕೇವಲ ಎಂಟನೆಯ ಒಂದು ಪಾಲು. ಹೀಗಾಗಿ ಒಂದು ಡ್ರಮ್ಮಿನ ಸಣ್ಣ ಸಡಿಲಿಕೆ ನ್ಯಾನೊದಲ್ಲಿ ದೊಡ್ಡ ಅಸಮತೋಲನವಾಗಿ ಕಾಣುತ್ತದೆ. ಇದು ಯಂತ್ರದ ತಪ್ಪಲ್ಲ; ಹಗುರ ಕಾರು ರಸ್ತೆಯಲ್ಲಿಯೂ ಅಷ್ಟೇ ಸುಲಭವಾಗಿ ಪಕ್ಕಕ್ಕೆ ಎಳೆಯುತ್ತದೆ. ಪರೀಕ್ಷೆಗೆ ಮುನ್ನ ನಾಲ್ಕೂ ಡ್ರಮ್ ಬಿಚ್ಚಿ, ದೂಳು ತೆಗೆದು, ಲೈನರುಗಳನ್ನು ಸಮವಾಗಿ ಹೊಂದಿಸುವುದು ಗ್ಯಾರೇಜಿನಲ್ಲಿ ದೊಡ್ಡ ಕೆಲಸವೇನಲ್ಲ.

ಪರೀಕ್ಷೆಗೆ ಕಾಣದ ದೋಷಗಳು

ನ್ಯಾನೊದ ಎಂಜಿನ್ 624 ಸಿಸಿ ಸಾಮರ್ಥ್ಯದ, ಎರಡು ಸಿಲಿಂಡರುಗಳ ಪೆಟ್ರೋಲ್ ಎಂಜಿನ್. ಮೊದಲ ಮಾದರಿಗಳಲ್ಲಿ ನಾಲ್ಕು ಗೇರುಗಳಿದ್ದವು. ಎಂಜಿನ್ ಹಿಂದೆ, ಗೇರಿನ ದಂಡ ಮತ್ತು ಪೆಡಲುಗಳು ಮುಂದೆ ಇರುವುದರಿಂದ ಕ್ಲಚ್, ಗೇರು, ಆಕ್ಸಿಲರೇಟರುಗಳ ಉದ್ದನೆಯ ಕೇಬಲುಗಳು ಕಾರಿನ ಕೆಳಗೆ ಹಾದುಹೋಗುತ್ತವೆ. ಇವು ತುಂಡಾದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಆದರೆ ಪರೀಕ್ಷೆಯ ದಿನ ಕೇಬಲ್ ಇನ್ನೊಂದು ತಿಂಗಳು ಬಾಳುವ ಸ್ಥಿತಿಯಲ್ಲಿದ್ದರೂ ಕಾರು ಉತ್ತೀರ್ಣವೇ. ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಸುಮಾರು 20 ಕಿ.ಮೀ. ರಸ್ತೆಯ ಮಧ್ಯಭಾಗ ತ್ವರಿತ ಬಸ್ ಸಾರಿಗೆಗೆ ಮೀಸಲು. ಪಕ್ಕದ ಪಥಗಳಲ್ಲಿ ಉಣಕಲ್, ನವನಗರ, ರಾಯಾಪುರಗಳ ಸಿಗ್ನಲ್ಲುಗಳನ್ನು ದಾಟುತ್ತ ದಿನವೂ ಓಡಾಡುವ ಕಾರಿಗೆ ಕ್ಲಚ್ಚಿನ ಕೆಲಸ ಬಿಡುವಿಲ್ಲದ್ದು.

ಹಿಂಭಾಗದ ಎಂಜಿನ್‌ಗೆ ಗಾಳಿ ಒದಗಿಸಲು ಹಿಂದಿನ ಚಕ್ರಗಳ ಮುಂದೆ ಗಾಳಿಕಿಂಡಿಗಳಿವೆ. ಇವುಗಳಲ್ಲಿ ಎಲೆ, ದೂಳು ಕಟ್ಟಿಕೊಂಡರೆ, ಇಲ್ಲವೇ ತಂಪುನೀರು ಸೋರಿದರೆ ಎಂಜಿನ್ ಬಿಸಿಯೇರುತ್ತದೆ. ಕೆಲವು ನಿಮಿಷಗಳ ಪರೀಕ್ಷೆಯಲ್ಲಿ ಇದು ಹೊರಬೀಳುವುದಿಲ್ಲ. ಸ್ಟಾರ್ಟರ್ ಮೋಟಾರಿನದೂ ಇದೇ ಕಥೆ. 2011ರ ಕೊನೆಯಲ್ಲಿ ಟಾಟಾ ಮೋಟಾರ್ಸ್ ಆವರೆಗೆ ಮಾರಿದ ನ್ಯಾನೊಗಳ ಸ್ಟಾರ್ಟರ್ ಮೋಟಾರನ್ನು ಉಚಿತವಾಗಿ ಬದಲಿಸಿಕೊಡಲು ಮುಂದಾಗಿತ್ತು.

ಬೆಂಕಿಯ ವಿಷಯ ಹೆಚ್ಚು ಗಂಭೀರವಾದುದು. 2009 ಮತ್ತು 2010ರಲ್ಲಿ ದೇಶದ ಕೆಲವೆಡೆ ನ್ಯಾನೊಗಳಿಗೆ ಬೆಂಕಿ ಹತ್ತಿಕೊಂಡ ಪ್ರಕರಣಗಳು ವರದಿಯಾದವು. ಸಂಸ್ಥೆಯು 2010ರ ನವೆಂಬರ್‌ನಲ್ಲಿ ನಿಷ್ಕಾಸ ಮತ್ತು ವಿದ್ಯುತ್ ವ್ಯವಸ್ಥೆಗಳಿಗೆ ಹೆಚ್ಚುವರಿ ರಕ್ಷಣೆಯನ್ನು ಉಚಿತವಾಗಿ ಅಳವಡಿಸಿಕೊಡುವುದಾಗಿ ಪ್ರಕಟಿಸಿತು. ಇದು ಕಡ್ಡಾಯ ವಾಪಸಾತಿಯಲ್ಲ, ಮಾಲೀಕರ ಇಚ್ಛೆಗೆ ಬಿಟ್ಟ ಸೌಲಭ್ಯವಾಗಿತ್ತು. ಆದ್ದರಿಂದ 2009-10ರ ಕಾರನ್ನು ಕೊಳ್ಳುವವರು ಈ ಕೆಲಸ ಆಗಿದೆಯೇ ಎಂಬುದನ್ನು ಸರ್ವಿಸ್ ದಾಖಲೆಯಿಂದ ತಿಳಿದುಕೊಳ್ಳಬೇಕು. ಆಮೇಲೆ ಅಂಗಡಿಯಲ್ಲಿ ಕೂರಿಸಿದ ಮ್ಯೂಸಿಕ್ ಸಿಸ್ಟಮ್, ಹೆಚ್ಚುವರಿ ದೀಪ, ಅಲಾರಾಂಗಳ ತಂತಿಗಳನ್ನು ಟೇಪು ಸುತ್ತಿ ಜೋಡಿಸಿದ್ದರೆ ಅದನ್ನು ಬಲ್ಲ ವಿದ್ಯುತ್ ಮಿಸ್ತ್ರಿಗೆ ತೋರಿಸುವುದು ಅಗತ್ಯ. ಅರ್ಹತಾ ಪರೀಕ್ಷೆಯಲ್ಲಿ ದೀಪ ಬೆಳಗುತ್ತದೆಯೇ ಎಂದು ನೋಡುತ್ತಾರೆ. ಬೆಳಗಿಸುವ ತಂತಿಯ ಸ್ಥಿತಿ ಹೇಗಿದೆ ಎಂದು ಬಿಚ್ಚಿ ನೋಡುವುದಿಲ್ಲ.

ಅಪಘಾತದಲ್ಲಿ ಪ್ರಯಾಣಿಕರನ್ನು ಕಾಯುವ ಸಾಮರ್ಥ್ಯವೂ ಈ ಪರೀಕ್ಷೆಗೆ ಹೊರಗಿನದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ ಪ್ರಕಟಿಸಿದ ಡಿಕ್ಕಿ ಪರೀಕ್ಷೆಯ ಫಲಿತಾಂಶದಲ್ಲಿ ಗಾಳಿಚೀಲಗಳಿಲ್ಲದ ನ್ಯಾನೊಗೆ ವಯಸ್ಕರ ರಕ್ಷಣೆಯಲ್ಲಿ ಒಂದೂ ನಕ್ಷತ್ರ ದೊರೆಯಲಿಲ್ಲ. ಉತ್ತಮ ಸ್ಥಿತಿಯಲ್ಲಿದ್ದು ಉತ್ತೀರ್ಣವಾದ ಕಾರಿಗೂ ಈ ಮಾತು ಅನ್ವಯಿಸುತ್ತದೆ. ಊರೊಳಗಿನ ಓಡಾಟಕ್ಕೂ ಭಾರಿ ಲಾರಿಗಳ ನಡುವಿನ ಹೆದ್ದಾರಿ ಪ್ರಯಾಣಕ್ಕೂ ಒಂದೇ ಅರ್ಹತಾ ಪತ್ರ ಸಲ್ಲುತ್ತದಾದರೂ ಅಪಾಯ ಒಂದೇ ಅಲ್ಲ.

ಮಾದರಿವಾರು ಅಂಕಿಅಂಶ

‘ನ್ಯಾನೊ ಪರೀಕ್ಷೆಯಲ್ಲಿ ಹೆಚ್ಚು ಅನುತ್ತೀರ್ಣವಾಗುತ್ತದೆಯೇ?’ ಎಂಬ ಪ್ರಶ್ನೆಗೆ ಭಾರತದಲ್ಲಿ ಅಂಕಿಯ ಉತ್ತರವಿಲ್ಲ. ಯಾವ ಮಾದರಿಯ ಎಷ್ಟು ಕಾರುಗಳು ಯಾವ ದೋಷಕ್ಕಾಗಿ ತಿರಸ್ಕೃತವಾದವು ಎಂಬುದನ್ನು ಸಾರ್ವಜನಿಕವಾಗಿ ಪ್ರಕಟಿಸುವ ಪದ್ಧತಿ ಇಲ್ಲಿ ಬೆಳೆದಿಲ್ಲ. ‘ವಾಹನ್’ ಜಾಲತಾಣದಲ್ಲಿ ಒಂದು ಕಾರಿನ ನೋಂದಣಿ, ವಿಮೆ ಮತ್ತು ಹೊಗೆ ತಪಾಸಣೆಯ ಅವಧಿ ಸಿಗುತ್ತದೆ. ದೋಷಗಳ ಚರಿತ್ರೆ ಸಿಗುವುದಿಲ್ಲ.

ಜರ್ಮನಿಯಲ್ಲಿ ಹೊಸ ಕಾರಿಗೆ 3 ವರ್ಷಕ್ಕೆ, ಅನಂತರ 2 ವರ್ಷಕ್ಕೊಮ್ಮೆ ಪರೀಕ್ಷೆ ಕಡ್ಡಾಯ. 15 ವರ್ಷ ತುಂಬುವಷ್ಟರಲ್ಲಿ ಕಾರು 7 ಬಾರಿ ಪರೀಕ್ಷೆಗೆ ನಿಂತಿರುತ್ತದೆ. ಅಲ್ಲಿನ ಟಿಯುವಿ ಸಂಸ್ಥೆಗಳು ಮಾದರಿವಾರು ದೋಷ ಪ್ರಮಾಣವನ್ನು ವರ್ಷಂಪ್ರತಿ ಪ್ರಕಟಿಸುತ್ತವೆ. ಸ್ಮಾರ್ಟ್ ಫೋರ್‌ಟೂನಂಥ ಪುಟ್ಟ ಕಾರನ್ನು ಕೊಳ್ಳುವವರು ಆ ಪಟ್ಟಿಯನ್ನು ನೋಡಿಯೇ ಹೊರಡುತ್ತಾರೆ. ಬ್ರಿಟನ್ನಿನಲ್ಲಿ 3 ವರ್ಷದ ನಂತರ ಪ್ರತಿ ವರ್ಷ ‘ಎಂಒಟಿ’ ಪರೀಕ್ಷೆ ನಡೆಯುತ್ತದೆ. ನೋಂದಣಿ ಸಂಖ್ಯೆ ಗೊತ್ತಿದ್ದರೆ ಆ ಕಾರು ಹಿಂದೆ ಯಾವ ಕಾರಣಕ್ಕೆ ಅನುತ್ತೀರ್ಣವಾಗಿತ್ತು ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಇದರಲ್ಲಿ ಕನ್ನಡ ನಾಡಿಗೆ ಸಂಬಂಧಿಸಿದ ಒಂದು ವಿಪರ್ಯಾಸವಿದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬ್ರಿಟನ್ನಿನಲ್ಲಿ ‘ಜಿ-ವಿಜ್’ ಹೆಸರಿನಲ್ಲಿ ಮಾರಾಟವಾಯಿತು. ಲಂಡನ್ನಿನ ಬೀದಿಯಲ್ಲಿ ಓಡಿದ ರೇವಾದ ದೋಷಗಳ ದಾಖಲೆ ಸಾರ್ವಜನಿಕ. ತವರೂರಿನಲ್ಲಿ ಓಡಿದ ರೇವಾದ್ದು ಅಲ್ಲ.

ಅಂಕಿಅಂಶ ಇಲ್ಲದಿರುವಾಗ ‘ನ್ಯಾನೊ ಎಂದರೆ ಹೀಗೇ’ ಎಂಬ ಮಾತುಗಳನ್ನು, ಹೊಗಳಿಕೆಯಾಗಲಿ ತೆಗಳಿಕೆಯಾಗಲಿ, ಎಚ್ಚರದಿಂದ ಸ್ವೀಕರಿಸಬೇಕು. 15 ವರ್ಷ ಹಳೆಯ ಕಾರಿನ ಸ್ಥಿತಿಯನ್ನು ಮಾದರಿಗಿಂತ ಹೆಚ್ಚಾಗಿ ಅದನ್ನು ಇಟ್ಟುಕೊಂಡವರ ನಿರ್ವಹಣೆಯೇ ನಿರ್ಧರಿಸುತ್ತದೆ.

ವೆಚ್ಚ ಮತ್ತು ಖರೀದಿ

2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 600 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಲಾಯಿತು. ತಡವಾದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಒಂದು ವರ್ಷ ಮರೆತರೆ ಅದೇ 6,000 ರೂಪಾಯಿ ಆಗುತ್ತದೆ. 2025ರ ಆಗಸ್ಟ್‌ನ ಅಧಿಸೂಚನೆಯು 20 ವರ್ಷ ಮೀರಿದ ಕಾರುಗಳಿಗೆ ಶುಲ್ಕವನ್ನು 10,000 ರೂಪಾಯಿಗೆ ಹೆಚ್ಚಿಸಿತು. ಶುಲ್ಕಕ್ಕೂ ಕಾರಿನ ಬೆಲೆಗೂ ಸಂಬಂಧವಿಲ್ಲ. ಲಕ್ಷ ರೂಪಾಯಿಯ ಕಾರಿಗೆ 5,000 ರೂಪಾಯಿ ಎಂದರೆ ಮೂಲ ಬೆಲೆಯ ಶೇ. 5, 20 ಲಕ್ಷ ರೂಪಾಯಿಯ ಕಾರಿಗೆ ಶೇ. 0.25. ಬ್ರೇಕು, ಟೈರುಗಳ ದುರಸ್ತಿಯನ್ನೂ ಸೇರಿಸಿದರೆ ಹಳೆಯ ನ್ಯಾನೊದ ನವೀಕರಣದ ವೆಚ್ಚ ಅದರ ಅಂದಿನ ಮಾರುಕಟ್ಟೆ ಬೆಲೆಯ ದೊಡ್ಡ ಪಾಲಾಗುತ್ತದೆ. ಕಡಿಮೆ ಆದಾಯದ ಕುಟುಂಬಗಳಿಗೆಂದೇ ರೂಪಿಸಿದ ಕಾರಿನ ಮೇಲೆ ಈ ಹೊರೆ ಹೆಚ್ಚು ಬೀಳುತ್ತದೆ, ಮತ್ತು ನವೀಕರಿಸದೆಯೇ ಓಡಿಸುವ ಆಸೆಗೆ ಮೂಲವೂ ಅದೇ.

ಆ ಆಸೆ ದುಬಾರಿಯಾಗಬಹುದು. ನೋಂದಣಿ ಅವಧಿ ಮುಗಿದ ವಾಹನ ಓಡಿಸುವುದು ದಂಡಾರ್ಹ. ಅದಕ್ಕಿಂತ ಮುಖ್ಯವಾಗಿ ವಿಮೆಯ ಪರಿಹಾರ ಕೈತಪ್ಪಬಹುದು: ತಾತ್ಕಾಲಿಕ ನೋಂದಣಿಯ ಅವಧಿ ಮುಗಿದ ಕಾರು ಕಳುವಾದ ಪ್ರಕರಣವೊಂದರಲ್ಲಿ ವಿಮಾ ಸಂಸ್ಥೆ ಪರಿಹಾರ ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು.

ಕೈಬದಲಾದ ಕಾರುಗಳಲ್ಲಿ ಇನ್ನೊಂದು ತೊಡಕಿದೆ. ಎರಡು ಮೂರು ಕೈ ದಾಟಿದರೂ ನೋಂದಣಿ ಪತ್ರ ಮೊದಲ ಮಾಲೀಕರ ಹೆಸರಿನಲ್ಲೇ ಉಳಿದಿರುವುದುಂಟು. ನವೀಕರಣದ ವೇಳೆ ಅವರನ್ನು ಹುಡುಕಬೇಕಾಗುತ್ತದೆ. 50ನೇ ಪ್ರಕರಣದಂತೆ ಕೊಂಡವರು 30 ದಿನಗಳೊಳಗೆ ವರ್ಗಾವಣೆಯನ್ನು ದಾಖಲಿಸಬೇಕು. ಇದಕ್ಕೆ ನಮೂನೆ 29 ಮತ್ತು 30 ಬೇಕು. ಮಾರಿದವರಿಗೂ ಇದು ಅಷ್ಟೇ ಮುಖ್ಯ. ವರ್ಗಾವಣೆ ದಾಖಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿದೆ.

14 ವರ್ಷ ದಾಟಿದ ನ್ಯಾನೊವನ್ನು ಕೊಳ್ಳುವವರು ‘ಎಫ್‌ಸಿ ಆಗಿದೆ’ ಎಂಬ ಮಾತಿನ ಬದಲು ನೋಂದಣಿ ಪತ್ರದಲ್ಲಿನ ಅವಧಿಯ ದಿನಾಂಕವನ್ನೇ ನೋಡಬೇಕು. ಹೊಸದಾಗಿ ನವೀಕರಣಗೊಂಡ ಕಾರಿಗೆ ಮುಂದಿನ 5 ವರ್ಷ ಶುಲ್ಕದ ಚಿಂತೆ ಇಲ್ಲ ಎಂಬುದು ನಿಜ. ಆದರೆ ನವೀಕರಣವಾಗಿ ನಾಲ್ಕು ವರ್ಷ ಕಳೆದಿದ್ದರೆ ಆ ಪತ್ರವು ನಾಲ್ಕು ವರ್ಷದ ಹಿಂದಿನ ಬ್ರೇಕಿನ ಬಗ್ಗೆ ಮಾತ್ರ ಮಾತನಾಡುತ್ತಿದೆ. ಕೊಳ್ಳುವ ಮುನ್ನ ಉಣಕಲ್ಲಿನ ಏರಿನಂಥ ಇಳಿಜಾರಿನಲ್ಲಿ ಕೈಬ್ರೇಕ್ ಹಾಕಿ ನಿಲ್ಲಿಸಿ ನೋಡುವುದು, ಅರ್ಧ ಗಂಟೆ ಓಡಿಸಿದ ಮೇಲೆ ಎಂಜಿನ್ ಮುಚ್ಚಳ ಬಿಚ್ಚಿಸಿ ಸೋರಿಕೆಯನ್ನು ಗಮನಿಸುವುದು, ಬಿಸಿಯಾದ ಎಂಜಿನನ್ನು ಆರಿಸಿ ಕೂಡಲೇ ಮತ್ತೆ ಚಾಲೂ ಮಾಡುವುದು ಇವು ಪರೀಕ್ಷೆಗೆ ಕಾಣದ ಕೆಲವನ್ನು ಕಾಣಿಸುತ್ತವೆ.

ದುರಸ್ತಿ ಲಾಭಕರವಲ್ಲವೆಂದು ಕಂಡರೆ ಕಾರನ್ನು ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಒಪ್ಪಿಸಬಹುದು. ಅಲ್ಲಿ ದೊರೆಯುವ ಠೇವಣಿ ಪ್ರಮಾಣಪತ್ರವನ್ನು ತೋರಿಸಿ ಹೊಸ ಖಾಸಗಿ ವಾಹನ ಕೊಂಡರೆ ರಾಜ್ಯಗಳು ವಾಹನ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿ ನೀಡಲು 2021ರ ಅಕ್ಟೋಬರ್‌ನ ನಿಯಮ ಅವಕಾಶ ಕೊಟ್ಟಿದೆ. ದಾಖಲೆಯಿಲ್ಲದೆ ಸಾಮಾನ್ಯ ಗುಜರಿಗೆ ಮಾರಿದರೆ ಕಾರು ಚೂರಾದರೂ ನೋಂದಣಿ ರದ್ದಾಗುವುದಿಲ್ಲ; ಆ ಸಂಖ್ಯೆಯ ಹೊಣೆ ಮಾಲೀಕರ ಹೆಸರಿನಲ್ಲೇ ಉಳಿಯುತ್ತದೆ.